ಮಾಳಪ್ಪನ ಭೀಮಥಡಿ ಕುದುರೆ

"ತಳಿ ಅನ್ನೂ ಕಡೆ ಏನ ಬರೀಬೇಕೋ?"

ರಾಮದುರ್ಗದ ದನದ ದವಾಖಾನೆಯ ಕಟ್ಟೆಯ ಮೇಲೆ ಅರ್ಜಿ ಹಿಡಿದು ಕುಳಿತ ಬಾಳೇಶ ಯಾರನ್ನೂ ನೋಡದೆ ಕೇಳಿದ. ಪಕ್ಕದಲ್ಲಿ ಎಮ್ಮೆಕರುವಿನ ಪಾಳಿಗೆ ಕಾಯುತ್ತಿದ್ದ ಗುರವ್ವ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ ವಚನ ನಿಲ್ಲಿಸಿದಳು. ಬಾಳೇಶನ ಅತ್ತಿಗೆ ರಾಯವ್ವ ಬೇವಿನ ಗಿಡಕ್ಕೆ ಕಟ್ಟಿದ ಹೆಣ್ಣುಕುದುರೆಯನ್ನೇ ನೋಡುತ್ತಿದ್ದಳು.

"ಕುದರಿ ಅಂತ ಬರಿ."

"ಭೀಮಥಡಿ ಅಂತ ಬರೀಬೇಕ್ರಿ, ವೈನಿ. ಅರಬರ ಕುದರಿ ನಮ್ಮ ಕಡೆ ತಟ್ಟುಗಳ ಜೋಡಿ ಕೂಡಿ ಹುಟ್ಟಿದ ತಳಿ. ಮರಾಠರ ದಂಡಿನ್ಯಾಗ ಲಡಾಯಿ ಮಾಡ್ಯಾವ."

"ನಮ್ಮಕಿ ಗಡಗಿ, ಕಂಬಳಿ, ಎಳೀ ಕುರಿಮರಿ ಹೊತ್ತಾಳ."

"ಎಲ್ಲಾದಕ್ಕೂ ಬರತಾವಂತನ ಕೊಳ್ಳಾಕ ಮಂದಿ ಬಂದಾರ. ಸಾಮಾನ ಹೊರಾಕ ನಾ ಟಂಟಂ ಗಾಡಿ ತಂದೇನಲ್ಲ?"

"ಹೋದ ತಿಂಗಳ ಗುಡ್ಡದಾಗ ನಿಮ್ಮಣ್ಣ ಸತ್ತಾಗ ಟಂಟಂ ಎಲ್ಲಿ ನಿಂತಿತ್ತು?"

"ಬುಡಕ. ಮ್ಯಾಲ ದಾರಿ ಇಲ್ಲಲ್ರಿ."

"ಹೆಣಾನೂ ಆಕೀನ ಹೊತ್ತ ತಂದ್ಳು."

ಸಂತೆಯಿಂದ ಜೋಳ ತಂದ ಮಾತು ಹೇಳಿದಂತೆ ಕೇಳಿಸಿತು ಗುರವ್ವನಿಗೆ. ಒಳಗಿಂದ ಬಾಳೇಶನ ಪಾಳಿ ಕೂಗಿದರು. ಬಾಳೇಶ ಶಾಯಿ ಡಬ್ಬಿ ಮುಂದೆ ಹಿಡಿದ.

"ಮಾಳಪ್ಪಣ್ಣನ ಹೆಸರಿಂದ ಬಿಡಿಸಿ ಮಾರಾಕ ನಿಮ್ಮ ಹೆಬ್ಬಟ್ಟ ಬೇಕು. ಒತ್ರಿ, ವೈನಿ."

"ಒತ್ತೂದಿಲ್ಲ," ಎಂದು ರಾಯವ್ವ ಎದ್ದು ಹೋಗಿ ಕುದುರೆಯ ಹಗ್ಗ ಬಿಚ್ಚಿದಳು.