ಏಳನೇದಂವನ ಮನಿ ಬೆಲ್

ಅಲ್ರೋ ಮೊಮ್ಮಕ್ಕಳ, ನಮ್ಮ ಹಳೀ ಮನಿ ಮಾಲಕ ಆ ಮುದುಕ ಭಾಳ ಒಳ್ಳೇಂವ ಅಂತ ನಿಮ್ಮವ್ವ ಹೇಳ್ತಾಳಲ್ಲ, ಆಕೀಗೆ ಅಂವ ಚಾಕಲೇಟ್ ಕೊಟ್ಟಿದ್ದಷ್ಟ ನೆನಪೈತಿ. ನಾ ಹೇಳ್ತೀನಿ ಕೇಳ್ರಿ. ಎರಡ ಸಾವಿರದ ಇಸವ್ಯಾಗ ಗ್ರೀನ್ ಕಾರ್ಡ್ ಕೊಡ್ತೀವಿ ಅಂತ ಈ ಜರ್ಮನಿಯವ್ರು ಕರದ್ರು ನಮ್ಮನ್ನ, ಕಂಪ್ಯೂಟರ್ ಬಲ್ಲವ್ರು ಬರ್ರಿ, ಬರ್ರಿ ಅಂತ. ನಾ ದೊಡ್ಡ ಕಾಲೇಜಿನ ಮೆಟ್ಟಲ ಹತ್ತಿದಂವಲ್ಲ. ಹುಬ್ಬಳ್ಳ್ಯಾಗ ವರ್ಕ್‌ಶಾಪಿನ್ಯಾಗ ದುಡೀತ, ಯೂನಿಯನ್ ಕರಪತ್ರ ಟೈಪ್ ಮಾಡ್ತ, ಪುಸ್ತಕ ನೋಡಿ ಪ್ರೋಗ್ರಾಮ್ ಬರಿಯೂದು ಕಲತಂವ. ಡಿಗ್ರಿ ಸೈತ ಅಂಚೆ ಮ್ಯಾಲೆ ಮುಗಿಸಿದ್ದು. ಸಿಂಡೆಲ್‌ಫಿಂಗೆನ್ನಾಗ ಕೆಲಸ ಕೊಟ್ರು, ಮನಿ ಯಾರೂ ಕೊಡಲಿಲ್ಲ. ಫೋನಿನ್ಯಾಗ ನನ್ನ ಜರ್ಮನ್ ಕೇಳಿದ ಕೂಡ್ಲೆ "ಮನಿ ಹೋಗೇತಿ, ಹೋಗೇತಿ." ಹದಿನೇಳು ಮನಿ ತಿರುಗಿದೆ... ಹದಿನೇಳಲ್ಲ, ಹತ್ತೊಂಬತ್ತು. ಇಪ್ಪತ್ತನೇದು ಈ ಮುದುಕಂದು, ಹೆರ್ ಎಬರ್ಲೆ, ಅಂದ್ರ ಎಬರ್ಲೆ ಸಾಹೇಬಂದು. ತಾನೂ ಅದ ಕಟ್ಟಡದಾಗ ಇದ್ದ.

ಎಂಬತ್ತೆಂಟು ವರ್ಷದ ಮುದುಕ, ಆದ್ರೂ ಬಾಗಲದಾಗ ನಿಂತ್ರ ಬೆಳಕ ಒಳಗ ಬರ್ತಿರಲಿಲ್ಲ, ಅಂಥಾ ಭುಜ. ಎರಡನೇ ಮಹಾಯುದ್ಧಕ್ಕಿಂತ ಮೊದಲ ಡಿಸ್ಕಸ್ ಎಸೀತಿದ್ದ. ಗೊತ್ತಿಲ್ಲೇನು ಡಿಸ್ಕಸ್? ಕಟಗೀದೊಂದು ದಪ್ಪ ತಟ್ಟಿ, ಸುತ್ತ ಕಬ್ಬಿಣದ ಪಟ್ಟಿ, ಗಂಡಸರದ್ದು ಎರಡು ಕಿಲೋ. ಏ, ನಿನ್ನ ಫ್ರಿಸ್ಬೀ ಹಂಗಲ್ಲಲೇ! ಸಣ್ಣ ವರ್ತುಲದಾಗ ಗರಗರ ತಿರುಗಿ ಬಿಡಬೇಕು, ಕಾಲು ಗೆರಿ ದಾಟಬಾರ್ದು. ದೇಶದೇಶದವ್ರು ಬಂದಿದ್ದ ದೊಡ್ಡ ಚಾಂಪಿಯನ್‌ಶಿಪ್‌ನ್ಯಾಗ ಇಂವ ಏಳನೇದಂವ ಆದ. ಕಡೀ ಸುತ್ತಿಗೆ ಆರ ಮಂದಿ. ಏಳನೇದಂವ ಟವೆಲ್ ಹೊತ್ಕೊಂಡು ಬೆಂಚಿಗೆ. ಮರುದಿನ ಪೇಪರಿನ್ಯಾಗ ಆರ ಹೆಸರು, ಆಮ್ಯಾಲೆ "ಉಂಡ್ ಆಂಡರೆ", ಅಂದ್ರ "ಮತ್ತು ಇತರರು". ಆ ಪೇಪರಿಗೆ ಕಟ್ಟ ಹಾಕಿಸಿ ಮೆಟ್ಟಲದ ಗೋಡೀಗೆ ತೂಗ ಹಾಕಿದ್ದ! "ಇತರರು" ಅನ್ನೂದರ ಕೆಳಗ ಕೆಂಪ ಗೆರಿ. ಮೆಟ್ಟಲ ಒರಸೋ ಪಾಳಿ ಇರ್ತದಲ್ಲ ಇಲ್ಲೆ, ನನ್ನ ಪಾಳಿ ಬಂದ ಶನಿವಾರ ಬಕೆಟ್ ಹಿಡಕೊಂಡ ನನ್ನ ನಿಲ್ಲಿಸಿ ಶುರು ಮಾಡ್ತಿದ್ದ. "ನೋಡು, ಹೆಸರಿಲ್ಲ! ಒಂದು ಗೇಣು ಕಡಿಮಿ ಬಿತ್ತು, ಅಷ್ಟಕ್ಕ ನಮ್ಮಪ್ಪ ಇಟ್ಟ ಹೆಸರ ನುಂಗಿಬಿಟ್ರು!" ಕಣ್ಣಾಗ ನೀರು. ಆ ನಾಜಿಗಳ ಕಾಲದಾಗ, ಆ ಮೈದಾನದಾಗ ಯಾರಿಗೆ ಕೈ ಚಾಚಿ ಸಲಾಮು ಹೊಡದ್ರಿ, ಯಾರ‍್ಯಾರನ್ನ ಆಟದಿಂದನ ಹೊರಗ ಹಾಕಿದ್ರು ಅಂತ ನಾ ಕೇಳಿದ್ರ ಮಾತ್ರ ಮುದುಕಗ ಕಿವಿ ಕೇಳಸ್ತಿರಲಿಲ್ಲ.

ಈಗ ಬೆಲ್ ವಿಷಯಕ್ಕ ಬರೂಣು. ಈ ದೇಶದಾಗ ಪೋಸ್ಟಿನವ್ರು ಬೆಲ್ ಮ್ಯಾಲಿನ, ಡಬ್ಬೀ ಮ್ಯಾಲಿನ ಹೆಸರ ನೋಡಿ ಕಾಗದ ಹಾಕ್ತಾರ. ಹೆಸರಿಲ್ಲ ಅಂದ್ರ ನೀ ಇಲ್ಲ. ನಾ ಹೊಸಬ, ನನಗೇನು ಗೊತ್ತು? ಮನಿಗೆ ಬಂದ ದಿನ ಹೇಳಿದೆ, ನನ್ನ ಹೆಸರು ವಿರೂಪಾಕ್ಷಪ್ಪ ಬಡಿಗೇರ. "ವಿರು... ವಿರು... ತ್ಸು ಲಾಂಗ್!" ಅಂದ. ಭಾಳ ಉದ್ದಾತಂತ. ತಾನ ಬರದು ಎರಡೂ ಕಡೆ ಅಂಟಿಸಿದ, "ಇಂಡರ್". ಇಂಡಿಯಾದಂವ. ಮುಗೀತು ನನ್ನ ಹೆಸರು. ನಿಮ್ಮ ಜರ್ಮನ್ನಿನ್ಯಾಗ ವಾರುಮ್, ಯಾಕ, ಅಂತ ಕೇಳಬ್ಯಾಡ, ಯಾಕ ಸುಮ್ನಿದ್ದೆ ಅಂದ್ರ ಮನಿ ಸಿಕ್ತಲ್ಲ ಅಂತ ಹಲ್ಲ ಕಿಸದು ನಿಂತಿದ್ದೆ. ಆ ಹಲ್ಲ ಕಿಸದದ್ದಕ್ಕ ಇವತ್ತಿಗೂ ನನ್ನ ಮ್ಯಾಲೆ ನನಗ ಸಿಟ್ಟೈತಿ.

ದಿನಾ ಬರೋ ಪೋಸ್ಟಿನಾಕಿ ನನ್ನ ಗುರ್ತ ಹಿಡದು ಕಾಗದ ಕೊಡ್ತಿದ್ಲು. ಆಕಿ ರಜಾ ಹೋದ ವಾರನ ಬಂತು ನೋಡ್ರಿ, ಪರದೇಶಿಗಳ ಕಚೇರಿಯಿಂದ. ಹುಬ್ಬಳ್ಳ್ಯಾಗ ಬಿಟ್ಟು ಬಂದಿದ್ದ ನಿಮ್ಮಜ್ಜಿ, ನಿಮ್ಮವ್ವ ಇಬ್ಬರ ವೀಸಾದ್ದು. ಮೂವರಿಗೆ ಜಾಗಾ ಸಾಲತೈತಿ ಅಂತ ತೋರಿಸಾಕ ಇಂಥಾ ದಿನದೊಳಗ ಮನಿ ಅಳತೀ ಕಾಗದ ತಂದು ಕೊಡು ಅಂತ. ನನಗದು ಮುಟ್ಟಲೇ ಇಲ್ಲ. ಕಾದು ಕಾದು ಕಚೇರಿಗೆ ಹೋದ್ರ ಅಲ್ಲಿನ ಬಾಯಾರು ಲಕೋಟಿ ತಗದು ತೋರಿಸಿದ್ರು. ಮ್ಯಾಲೆ ಹಳದಿ ಚೀಟಿ, "ಈ ವಿಳಾಸದಾಗ ಇಂಥಾಂವ ಇಲ್ಲ." ಇಲ್ಲ ಅಂದ್ರ? ನಾ ಅಲ್ಲೇ ಅವಲಕ್ಕಿ ತಿನ್ಕೋತ ಕುಂತಿದ್ದೆ! ಗಡುವು ಮುಗದಿತ್ತು, ಅರ್ಜಿ ಮೊದಲಿಂದ ಹಾಕಬೇಕು. ಬೂತಿಗೆ ಹೋಗಿ ನಿಮ್ಮಜ್ಜಿಗೆ ಫೋನ್ ಮಾಡಿದೆ. ಆಕಿ ಅತ್ತಿಲ್ಲ, ಅತ್ತಿದ್ರ ಚಲೋ ಇತ್ತು. "ಅಲ್ರೀ, ಇವತ್ತ ನಾಳೆ ಹೋಗ್ತೀವಿ ಅಂತ ಹುಡುಗೀದು ಟಿ.ಸಿ. ತಗೊಂಡೇನಿ. ಸಾಲ್ಯಾಗ ಹೆಸರ ಹೊಡದು ಹಾಕ್ಯಾರ. ಅಲ್ಲೂ ನಿಮ್ಮ ಹೆಸರಿಲ್ಲ, ಇಲ್ಲೂ ಆಕಿ ಹೆಸರಿಲ್ಲ. ಎಲ್ಲಿ ಅದೀವ್ರೀ ನಾವು?"

ಸೀದಾ ಬಂದೆ. ಮುದುಕ ಮೆಟ್ಟಲ ಮ್ಯಾಲೆ ಇದ್ದ. ಅಂವ ಸಿಟ್ಟಾಗಿ ಮನಿ ಬಿಡು ಅಂದ್ರ ವೀಸಾನೂ ಹೋತು, ಗೊತ್ತಿತ್ತು ನನಗ. ಬಾಯಿ ಮಾತ್ರ ನಿಲ್ಲಲಿಲ್ಲ. ಗೋಡೀ ಮ್ಯಾಲಿನ ಪೇಪರ್ ಬಡದು ಕೇಳಿದೆ, "ಅರವತ್ತು ವರ್ಷದಿಂದ ಅಳಾಕತ್ತೀರಿ ಹೆಸರ ಹಾಕಲಿಲ್ಲ ಅಂತ! ಅವರು ನಿಮಗ ಆಂಡರೆ ಅಂದ್ರು, ನೀವು ನನಗ ಇಂಡರ್ ಅಂದ್ರಿ. ಏನ ಫರಕು? ನಿಮ್ಮದು ಪೇಪರಿನ್ಯಾಗಷ್ಟ ಹೋತು. ನನ್ನ ಹೆಂಡತಿ, ಮಗಳು ಹೊರಗ ಉಳದ್ರು!" ಮುದುಕ "ಜಾಗಾ ಇರಲಿಲ್ಲ ಚೀಟ್ಯಾಗ" ಅಂದ. ಹಂಗಂತಾನ! ಪೇಪರಿನವ್ರೂ ಅದನ್ನ ಹೇಳಿರ್ತಾರ ಅಂದೆ. ಪೆನ್ ತಗದು ಉದ್ದಂದೊಂದು ಕಾಗದದಾಗ ಇಂಗ್ಲೀಷ್ ಅಕ್ಷರದಲೆ ನನ್ನ ಹೆಸರ ಪೂರ್ತಿ ಬರದು ಬೆಲ್ಲಿಗೆ ಅಂಟಿಸಿದೆ. ಅದು ಅಂವನ ಹೆಸರಿನ ಮ್ಯಾಲೂ ಅರ್ಧ ಹೋತು. "ಅದು ನನ್ನ ಜಾಗಾ!" "ಸರೀರಿ ಸ್ವಲ್ಪ. ಈಗ ಓದ್ರಿ." "ವಿರುಪಾ..." "ಫೌಲು." "ವಿರುಪಕ್ಷ..." "ಫೌಲು. ಡಿಸ್ಕಸ್ಸಿನ್ಯಾಗ ಮೂರು ಸಲ ಬಿಡ್ತಾರ, ಇದು ಕಡೀದು." ದಪ್ಪ ಬಟ್ಟು ಒಂದೊಂದ ಅಕ್ಷರದ ಮ್ಯಾಲೆ ಇಟ್ಟು ಓದಿದ, ಪೂರ್ತಿ. ಕ್ಷಮಾ ಕೇಳಲಿಲ್ಲ. ಕಾಗದ ಕೀಳಲೂ ಇಲ್ಲ.

ನಿಮ್ಮಜ್ಜಿ ಬಂದದ್ದು ನಾಕು ತಿಂಗಳ ತಡದು. ಆ ನಾಕು ತಿಂಗಳು ನಿಮ್ಮವ್ವ ಎಂಟು ವರ್ಷದ ಕೂಸು, ಪಾಟೀಚೀಲ ತುಂಬಿಟ್ಕೊಂಡು ಬಾಗಲದಾಗ ಕುಂತಿದ್ಲು. ಅದನ್ನ ಯಾರು ತಿರುಗಿ ಕೊಡ್ತಾರ? ಯಾರೂ ಕೊಡೂದಿಲ್ಲ. ಹೊಸಾ ಮನಿಗೆ ಹೋದ್ರ ಮೊದಲ ನಿಮ್ಮ ಕೈಲೆ ನಿಮ್ಮ ಪೂರ್ತಿ ಹೆಸರ ಬಾಗಲಕ್ಕ ಬರೀರಿ, ಆಮ್ಯಾಲೆ ಒಳಗ ಹೋಗಿ ಚಹಾಕ್ಕ ಇಡ್ರಿ.