ಲಕೋಟೆಯ ಒಳಗೆ, ಲಕೋಟೆಯ ಮೇಲೆ

ಅಂಚೆ ಕಚೇರಿಯ ಸಾಲಿನಲ್ಲಿ ಮುಂದೆ ನಿಂತಿದ್ದ ಗಂಡ ಹೆಂಡತಿಯ ಮಾತು ನರ್ಸಮ್ಮನ ಕಿವಿಗೆ ಬಿತ್ತು.

“ಮಗಳ ಮದುವೆಗೆ ಸ್ವಂತ ತಮ್ಮನ್ನ ಕರೆಯೋಕೆ ‘ಮಾನ್ಯರೇ’ ಅಂತ ಬರೀತಾರೇನ್ರೀ?”

“ಮಾತು ಬಿಟ್ಟು ವರ್ಷಗಳಾದ್ವಲ್ಲೇ. ಮರ್ಯಾದೆ ಕೊಡ್ಬೇಕು.”

“ಇಷ್ಟು ಮರ್ಯಾದೆ ಕೊಟ್ರೆ ಅವ್ರು ಖಂಡಿತ ಬರಲ್ಲ. ಚಿಕ್ಕಪ್ಪ ಬರದೆ ಮದುವೆನೇ ಬೇಡ ಅಂತ ಕೂತಿದ್ದಾಳೆ ನಿಮ್ಮ ಮಗಳು.”

“ಮತ್ತೇನು ಬರೀಲಿ?”

“ಚಿಕ್ಕಂದಿನಲ್ಲಿ ಏನಂತ ಕರೀತಿದ್ರಿ?”

“ಗೂಬೆ ಅಂತ.”

“ಅದನ್ನೇ ಬರೀರಿ.”

ಗಂಡ ‘ಮಾನ್ಯರೇ’ಯನ್ನು ಹೊಡೆದುಹಾಕಿ ಬರೆದ. “ಲೋ ಗೂಬೆ, ತೆಪ್ಪಗೆ ಬಾರೋ,” ಎಂದು ಗಟ್ಟಿಯಾಗಿ ಓದಿ ತಾನೇ ನಕ್ಕ.

“ಲಕೋಟೆ ಮೇಲೂ ಗೂಬೆ ಅಂತಲೇ ಹಾಕ್ಲಾ?”

“ಅಯ್ಯೋ, ಅಲ್ಲಿ ‘ಶ್ರೀಯುತ ಹೆಡ್‌ಮಾಸ್ಟರ್’ ಅಂತಲೇ ಇರ್ಲಿ. ಪೋಸ್ಟ್‌ಮ್ಯಾನ್ ಎದುರು ಅವ್ರ ಮಾನ ಉಳೀಲಿ.”

ಅಂಚೆಪೆಟ್ಟಿಗೆಗೆ ಕಾಗದ ಹಾಕಿ ಇಬ್ಬರೂ ಹೊರಟರು.

“ಬಂದವನೇ ನನ್ನನ್ನ ಕತ್ತೆ ಅಂತಾನೆ, ನೋಡ್ತಿರು,” ಎಂದು ಗಂಡ ಹಿಗ್ಗಿನಿಂದ ಬಾಗಿಲು ದಾಟಿದ.