ಹೆಂಡತಿಯ ಸಹಿ

ವಿಮಾ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದ ದೊಡ್ಡಮ್ಮ ಮೂವತ್ತು ವರ್ಷಗಳ ಹಿಂದೆ ಕೆಲಸ ಕಳೆದುಕೊಂಡು ಗೆದ್ದದ್ದು ಒಂದೇ: ಆರೋಗ್ಯ ವಿಮೆಯ ಅರ್ಜಿಗೆ ಹೆಂಗಸು ಗಂಡನ ಸಹಿ ಹಾಕಿಸಬೇಕಿಲ್ಲ. ಈಗ ಅದೇ ಕಚೇರಿಯ ಬೆಂಚಿನ ಮೇಲೆ, ತಂಗಿಯ ಮಗಳು ತಿರಸ್ಕೃತ ಅರ್ಜಿಯೊಂದನ್ನು ಅವರ ಮಡಿಲಿಗೆಸೆದಾಗ, ಪಕ್ಕದಲ್ಲಿದ್ದವರೆಲ್ಲ ಕಿವಿಗೊಟ್ಟರು.

“ನನ್ನ ಸಂಬಳದ ವಿಮೆ, ನನ್ನ ಗರ್ಭಕೋಶದ ಆಪರೇಷನ್, ಸಹಿ ಮಾತ್ರ ಗಂಡಂದು ಬೇಕಂತೆ!”

“ಯಾವ ಮುಖ ಇಟ್ಕೊಂಡು ಮತ್ತೆ ಸೇರಿಸಿದ್ರು ಆ ಸಾಲನ್ನ?” ದೊಡ್ಡಮ್ಮ ಕೇಳಿದರು.

“ಆಗ ಹೇಗೆ ತೆಗೆಸಿದ್ರಿ?”

“ಗಂಡಸರ ಅರ್ಜೀಲೂ ‘ಹೆಂಡತಿಯ ಸಹಿ’ ಅಂತ ಟೈಪ್ ಮಾಡಿಟ್ಟೆ. ಅವರೇ ಬೊಬ್ಬೆ ಹೊಡೆದು ಎರಡೂ ತೆಗೆಸಿದ್ರು.”

ತಂಗಿಯ ಮಗಳು ಅವರ ಕೈಹಿಡಿದು ಎಬ್ಬಿಸಿದಳು.

“ನಡೀರಿ ದೊಡ್ಡಮ್ಮ. ಇವರ ಅರ್ಜಿ ಅಚ್ಚಾಗೋದು ನಾನು ಕೆಲಸ ಮಾಡೋ ಪ್ರೆಸ್ಸಲ್ಲೇ. ದಾರೀಲಿ ಇನ್ನೊಂದ್ಸಲ ಹೇಳಿ, ಒಂದಕ್ಷರ ಬಿಡದೆ.”